ಇಂಜಿನ್ ಆಫ್ ಮಾಡಿದ ಮೇಲೆ ಎಷ್ಟು ವೋಲ್ಟ್

ಇದರಲ್ಲಿ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಕೂತಿರಬಹುದು. ಜೀಪು ಮೊದಲ ಸಲ ಅಂಗಡಿಗೆ ಬಂದ ದಿನ ಬಿಸಿಲಿತ್ತು, ಬಾನೆಟ್ ಮುಟ್ಟಿದರೆ ಕೈ ಸುಡುತ್ತಿತ್ತು ಎಂದೇ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಡೈರಿ ತೆಗೆದು ನೋಡಿದರೆ ಅವತ್ತಿನ ಪುಟದಲ್ಲಿ ‘ಮೋಡ. ಎದುರಿನವರು ಒಣಹಾಕಿದ ಕಾಫಿಗೆ ಟಾರ್ಪಾಲು ಮುಚ್ಚಿದರು’ ಎಂದು ನನ್ನದೇ ಅಕ್ಷರದಲ್ಲಿದೆ. ಬಾನೆಟ್ ಬಿಸಿಯಾಗಿದ್ದದ್ದು ಇಂಜಿನ್ನಿನಿಂದ ಇರಬೇಕು. ವೋಲ್ಟೇಜನ್ನು ಅಳೆದ ಕೂಡಲೇ ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ನನ್ನ ರೂಢಿ, ಹಾಗಾಗಿ ಇಲ್ಲಿ ಬರುವ ಅಂಕಿಗಳನ್ನು ನಂಬಬಹುದು. ಜನ ಆಡಿದ ಮಾತುಗಳನ್ನು ಹಾಗೆ ಬರೆದುಕೊಂಡಿರಲಿಲ್ಲ.

ಸಕಲೇಶಪುರದಲ್ಲಿ ನನ್ನದೊಂದು ಒಂಟಿ ಶಟರಿನ ಅಂಗಡಿ. ಕಾರುಗಳಿಗೆ ಸೌಂಡ್ ಸಿಸ್ಟಮ್ ಕೂರಿಸುತ್ತೇನೆ, ಕೆಟ್ಟದ್ದನ್ನು ರಿಪೇರಿ ಮಾಡುತ್ತೇನೆ. ಕೆಲಸದವರಿಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದ ಹೆಂಗಸು ಕಾರಿನ ಡಿಕ್ಕಿಯೊಳಗೆ ತಲೆ ತೂರಿಸಿ ಕೂತಿರುವುದನ್ನು ನೋಡಲು ಮೊದಮೊದಲು ಜನ ನಿಲ್ಲುತ್ತಿದ್ದರು. ಈಗ ಯಾರೂ ನಿಲ್ಲುವುದಿಲ್ಲ. ಅದು ಸಮಾಧಾನವೂ ಹೌದು, ಕೆಲವು ಮಧ್ಯಾಹ್ನಗಳಲ್ಲಿ ಬೇಸರವೂ ಹೌದು.

ಆ ಜೀಪು ಕಾಫಿ ಬೆಳೆಗಾರರ ಒಂದು ಗುಂಪಿನದು. ಮೇಲೆ ಎರಡು ಹಾರ್ನ್ ಸ್ಪೀಕರು, ಹಿಂದಿನ ಸೀಟಿನಡಿ ಕಾರಿನದೇ ಒಂದು ಆಂಪ್ಲಿಫೈಯರು, ಮುಂದೆ ಡ್ರೈವರ್ ಕೈಗೆ ಸಿಗುವಂತೆ ಮೈಕು. ಆನೆಗಳ ಜಾಡು ನೋಡುವವರು ಬೆಳಿಗ್ಗೆ ಐದೂವರೆಗೆ ಡ್ರೈವರಿಗೆ ಫೋನ್ ಮಾಡಿ ಆನೆ ಎಲ್ಲಿದೆ ಎಂದು ತಿಳಿಸುತ್ತಾರೆ. ಕೂಲಿಯವರು ಲೈನ್ ಮನೆಗಳಿಂದ, ಅಂದರೆ ಎಸ್ಟೇಟಿನ ಸಾಲುಮನೆಗಳಿಂದ, ಕೆಲಸಕ್ಕೆ ಹೊರಡುವ ಮೊದಲು ಈ ಜೀಪು ಹಾನುಬಾಳಿನ ಸುತ್ತ ಇಪ್ಪತ್ತು ಕಡೆ ನಿಂತು ಅದನ್ನು ಕೂಗಿ ಹೇಳಬೇಕು. ಮೊಬೈಲಿಗೆ ಮೆಸೇಜೂ ಬರುತ್ತದೆ, ಆದರೆ ತಗ್ಗಿನ ಮನೆಗಳಿಗೆ ಸಿಗ್ನಲ್ ಇಲ್ಲ. ಅಲ್ಲಿ ಜೀಪು ಹೇಳಿದ್ದೇ ಸುದ್ದಿ.

ಡ್ರೈವರಿಗೆ ಐವತ್ತರ ಮೇಲಾಗಿತ್ತು. ಇಳಿದವರೇ, "ಮೇಡಮ್ಮೋರೆ, ಈ ಮೈಕು ಅರ್ಧಕ್ಕೇ ಸತ್ತೋಗ್ತದೆ. ಆನೆ ಅಂತೀನಿ, ಎಲ್ಲೈತೆ ಅನ್ನಕ್ಕೆ ಮುಂಚೆ ಗೊಟಕ್" ಎಂದರು.

"ದಿನಾ ಆಗುತ್ತಾ ಅಣ್ಣ?"

"ದಿನಾ ಆಗಿದ್ರೆ ಯಾವತ್ತೋ ಬರ್ತಿದ್ದೆ. ಒಂದಿನ ಆಗ್ತದೆ, ಎಲ್ಡು ದಿನ ಸುಮ್ಕಿರ್ತದೆ. ನಮ್ಮನೆಯವಳ ಸಿಟ್ಟಿದ್ದಂಗೆ ಕಣಮ್ಮ."

ಕಾರಿನ ಆಂಪ್‌ಗೆ ಹನ್ನೆರಡು ವೋಲ್ಟ್ ಸಾಕು ಎಂದು ಎಲ್ಲರೂ ತಿಳಿದಿದ್ದಾರೆ. ನಿಜವಾಗಿ ಅದು ಹದಿನಾಲ್ಕರ ಆಸುಪಾಸಿಗೆ ಒಗ್ಗಿದ ಯಂತ್ರ. ಇಂಜಿನ್ ಓಡುವಾಗ, ಇಲ್ಲಿನವರು ಡೈನಮೋ ಎನ್ನುವ ಆಲ್ಟರ್ನೇಟರು ಅಷ್ಟು ಕೊಡುತ್ತದೆ. ಬರೀ ಬ್ಯಾಟರಿಯಾದರೆ ತುಂಬಿದ್ದಾಗಲೂ ಹನ್ನೆರಡೂವರೆ ಮಾತ್ರ. ಇಳಿದಂತೆಲ್ಲ ಆಂಪಿನ ಬಲ ಕುಗ್ಗಿ ದನಿ ಒಡೆಯುತ್ತದೆ. ಹತ್ತರ ಹತ್ತಿರ ಬಂದರೆ ಆಂಪು ತನ್ನನ್ನು ಕಾಪಾಡಿಕೊಳ್ಳಲು ಕೆಂಪು ದೀಪ ಹಚ್ಚಿ ಬಾಯಿ ಮುಚ್ಚುತ್ತದೆ. ಕೆಲವು ತಾವಾಗಿ ಮತ್ತೆ ಏಳುತ್ತವೆ. ಈ ಜೀಪಿನದನ್ನು ಸ್ವಿಚ್ ಆರಿಸಿ ಹಾಕಿದರೆ ಮಾತ್ರ ಏಳಿಸಬಹುದಿತ್ತು.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವತ್ತು ಮಾಡಿದ್ದು ಇಷ್ಟು: ಡ್ರೈವರಿಗೆ ಇಂಜಿನ್ ಓಡಿಸಿಡಲು ಹೇಳಿ, ಆಂಪಿನ ಬುಡಕ್ಕೆ ಮೀಟರಿನ ಕಡ್ಡಿ ಹಿಡಿದು, ಮೈಕಿನಲ್ಲಿ ಮೆಲ್ಲಗೆ "ಹಲೋ, ಹಲೋ" ಎಂದೆ. ರಸ್ತೆಯಲ್ಲಿ ಜನ, ಜೋರಾಗಿ ಕೂಗಲು ಸಂಕೋಚ. ಇಂಜಿನ್ ಓಡಿಸಿಡುವುದು ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಪಾಠ. ಗಿರಾಕಿಯ ಬ್ಯಾಟರಿಯನ್ನು ನಮ್ಮ ಪರೀಕ್ಷೆಗೆ ಕುಡಿಸಬಾರದು, ಅದು ಮರ್ಯಾದೆಯಲ್ಲ ಎನ್ನುತ್ತಿದ್ದರು. ಮೀಟರು 13.9 ತೋರಿಸಿತು. ಆಂಪನ್ನು ಎಬ್ಬಿಸುವ ಸಣ್ಣ ತಂತಿ ಅದರ ಸ್ಕ್ರೂನಲ್ಲಿ ಸಡಿಲವಾಗಿತ್ತು. ತೊಂದರೆ ಸಿಕ್ಕಿತು ಎಂದು ಖುಷಿಯಾಗಿ ಬಿಗಿ ಮಾಡಿದೆ. ಡೈರಿಯಲ್ಲಿ ‘13.9. ಸರಿ ಇದೆ’ ಎಂದು ಬರೆದು ಕೆಳಗೊಂದು ಗೆರೆಯನ್ನೂ ಎಳೆದಿದ್ದೇನೆ.

"ಇನ್ನು ಸಾಯಲ್ಲ ಅಣ್ಣ," ಎಂದೆ.

"ಸತ್ರೆ ತಿಥಿಗೆ ನಿಮ್ಮನ್ನೇ ಕರೀತೀನಿ," ಎಂದು ನಗುತ್ತ ಹೊರಟರು.

ಅದು ಮಂಗಳವಾರ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಹಾನುಬಾಳಿನ ಬಸ್ಸು ಬಂತು.

ಆ ಬಸ್ಸಿನ ಬಗ್ಗೆ ಹೇಳಬೇಕು. ನನ್ನ ಸೋದರತ್ತೆ ಹಾನುಬಾಳಿನ ಕೆಳಗೆ, ರಸ್ತೆಯ ತಿರುವಿಗೆ ತಾಗಿದ ಸಣ್ಣ ಮನೆಯಲ್ಲಿದ್ದಾಳೆ. ಮಾವ ಅಲ್ಲಿನ ಒಂದು ಎಸ್ಟೇಟಿನಲ್ಲಿ ರೈಟರು, ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು ಕೆಲಸ ಹಂಚುವವರು. ಹೈಸ್ಕೂಲಿನ ಮೂರು ವರ್ಷ ನಾನು ಅವರ ಮನೆಯಲ್ಲೇ ಇದ್ದೆ. ಅಂಗಡಿ ಹಾಕಿದ ಮೇಲೆ ಪ್ರತಿ ಶುಕ್ರವಾರ ಅತ್ತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ರೊಟ್ಟಿ, ಏನಾದರೊಂದು ಪಲ್ಯ ಹಾಕಿ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದಳು. ಖಾಲಿ ಡಬ್ಬಿ ಗುರುವಾರದ ಬಸ್ಸಿನಲ್ಲಿ ಹಿಂತಿರುಗುತ್ತಿತ್ತು. ಆ ವಾರ ಕೆಲಸ ಹೆಚ್ಚಾಗಿ ಗುರುವಾರ ಡಬ್ಬಿ ಕಳಿಸುವುದು ಮರೆತಿತ್ತು. ಅತ್ತೆ ಬೇರೆ ಡಬ್ಬಿಯಲ್ಲಿ ಕಳಿಸಿ, ಬೈಗುಳದ ಒಂದು ಚೀಟಿಯನ್ನೂ ಇಟ್ಟಿರುತ್ತಾಳೆ ಎಂದು ಕಾಯುತ್ತಿದ್ದೆ.

ಕಂಡಕ್ಟರು ಬರಿಗೈಯಲ್ಲಿ ಇಳಿದು ಬಂದರು. "ಅಕ್ಕ, ನಿಮ್ಮ ಮಾವನ್ನ ಆನೆ ಎತ್ತಾಕ್ಬುಡ್ತು. ಜೀವಕ್ಕೇನಿಲ್ಲ. ಹಾಸನಕ್ಕೆ ತಕಂಡೋದ್ರು."

ತೊಡೆಯ ಮೂಳೆ ಮುರಿದಿತ್ತು, ಎರಡು ಪಕ್ಕೆಲುಬೂ. ಮನೆಯಿಂದ ಎಸ್ಟೇಟಿನ ಸ್ಟೋರಿಗೆ ಕಾಫಿ ಗಿಡಗಳ ನಡುವೆ ಒಂದು ಒಳದಾರಿ ಇದೆ. ಏಳಕ್ಕೆ ಮೊದಲು ಮಾವ ಹಾಜರಿ ಪುಸ್ತಕ ಹಿಡಿದು ಅದರಲ್ಲೇ ಹೋಗುತ್ತಾರೆ. ಒಂಟಿ ಗಂಡಾನೆ ಅಲ್ಲಿ ನಿಂತಿತ್ತು. ಅದು ಅಲ್ಲಿದೆ ಎಂಬ ಸುದ್ದಿ ಅವತ್ತು ಡ್ರೈವರಿಗೆ ಐದೂವರೆಗೇ ಬಂದಿತ್ತು.

ಆಸ್ಪತ್ರೆಯ ಮಂಚದಲ್ಲಿ ಮಾವ ಔಷಧಿಯ ಮಂಪರಿನಲ್ಲೂ ನನ್ನನ್ನು ನೋಡಿ ನಕ್ಕರು. "ಏನವ್ವ ಇಂಜಿನಿಯರೇ, ಅಂಗಡಿ ಬಾಗ್ಲಾಕಿ ಬಂದ್ಯಾ?"

ನಾನು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. "ಮಾವ, ಜೀಪು ಬರಲಿಲ್ವಾ?" ಎಂದು ಕೇಳಿದೆ.

"ನಾನು ಬಚ್ಚಲಲ್ಲಿದ್ದೆ ಕಣವ್ವ. ನೀರಿನ ಸದ್ದು. ಬಂತೋ ಬರ್ಲಿಲ್ವೋ ನಂಗೊತ್ತಿಲ್ಲ."

ಅತ್ತೆ ಕಿಟಕಿಯ ಹತ್ತಿರ ನಿಂತಿದ್ದಳು. ಆ ಹೊತ್ತಿಗೆ ಅವಳು ದಿನವೂ ಅಂಗಳದ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾಳೆ. ಅಲ್ಲಿಂದ ರಸ್ತೆಯ ತಿರುವು ಕಲ್ಲೆಸೆದರೆ ಬೀಳುವಷ್ಟು ದೂರ. ನಾನು ಅವಳ ಕಡೆ ನೋಡಿದೆ. ಅವಳು ಹೊರಗೆ ನೋಡುತ್ತಿದ್ದಳು.

ಎರಡು ದಿನದ ಮೇಲೆ ಜೀಪು ಮತ್ತೆ ಅಂಗಡಿಗೆ ಬಂತು. ಡ್ರೈವರು ತಮಾಷೆ ಮಾಡಲಿಲ್ಲ. ರೈಟರು ನನ್ನ ಮಾವ ಎಂದು ಅವರಿಗೆ ಯಾರೋ ಹೇಳಿದ್ದರು.

"ಆ ತಿರುವಲ್ಲಿ ನಿಲ್ಸಿ ಹೇಳ್ದೆ ಕಣಮ್ಮ. ದೇವ್ರಾಣೆ ಹೇಳ್ದೆ. ಆದ್ರೆ ಅವತ್ತು ಎಲ್ಡು ಕಡೆ ಸತ್ತೋಯ್ತು. ಒಂದು ಮೇಲಿನ ಲೈನ್ ತಾವ, ಅದು ಗ್ಯಾಪ್ಕ ಐತೆ. ಇನ್ನೊಂದು ನಿಮ್ಮ ಮಾವನ ತಿರುವೋ, ಅದರ ಹಿಂದಿಂದೋ."

"ನೆನಪು ಮಾಡ್ಕೊಳ್ಳಿ ಅಣ್ಣ."

"ಎಂಗ್ ಮಾಡ್ಕಳ್ಳಲಿ? ದಿನಾ ಇಪ್ಪತ್ತು ತಾವು ನಿಂತು ಅದೇ ಮಾತು ಹೇಳೋನಿಗೆ ಇಪ್ಪತ್ತೂ ಒಂದೇ ತರ ಕಾಣ್ತವೆ." ಜೀಪಿನ ಬಾಗಿಲಿಗೆ ಒರಗಿ, "ಸತ್ತಾಗ ಸ್ವಿಚ್ ಆಫ್ ಮಾಡಿ ಹಾಕಿ ಮತ್ತೆ ಶುರು ಮಾಡ್ತೀನಿ. ಒಂದೊಂದ್ಸಲ ಹೊತ್ತಾಯ್ತು ಅಂತ ಮುಂದಕ್ಕೆ ಹೋಗ್ಬುಡ್ತೀನಿ. ಅವತ್ತು ಏನ್ ಮಾಡ್ದೆ ಅಂತ..." ಎಂದು ನಿಲ್ಲಿಸಿದರು.

ಅವರನ್ನು ಬೈಯುವ ಹಕ್ಕು ನನಗಿರಲಿಲ್ಲ. ಆ ಶುಕ್ರವಾರಕ್ಕೆ ಮೂರು ದಿನ ಮೊದಲು ‘ಸರಿ ಇದೆ’ ಎಂದು ಬರೆದವಳು ನಾನು.

ಆಮೇಲಿನ ಒಂದು ವಾರ ಸೋಲಿನದು. ಬ್ಯಾಟರಿ ತೆಗೆದು ಬೇರೆ ಹಾಕಿದೆ. ಅಂಗಡಿಯಲ್ಲಿ ಆಂಪು ಸಾಯಲಿಲ್ಲ, ಆದರೆ ಹಳೆಯ ಬ್ಯಾಟರಿಯಲ್ಲೂ ಅಂಗಡಿಯಲ್ಲಿ ಸತ್ತಿರಲಿಲ್ಲ. ಮೈಕಿನ ತಂತಿ ಬದಲಿಸಿದೆ. ಹಾರ್ನ್‌ಗಳನ್ನು ಬಿಚ್ಚಿ ಒಂದೊಂದನ್ನೇ ನೋಡಿದೆ. ಕೊನೆಗೆ ಹಳೆಯ ಆಂಪನ್ನೇ ತೆಗೆದು ಅದರ ಎರಡರಷ್ಟು ಬಲದ ಹೊಸದನ್ನು ಕೂರಿಸಿದೆ. ದೊಡ್ಡದು ದಣಿಯುವುದಿಲ್ಲ ಎಂಬುದು ನನ್ನ ತರ್ಕ. ತರ್ಕ ಎನ್ನುವುದಕ್ಕಿಂತ ಭಯ ಎನ್ನಬೇಕು. ಏನಾದರೂ ದೊಡ್ಡದನ್ನು ಮಾಡಿದೆ ಎಂದು ನನಗೇ ತೋರಿಸಿಕೊಳ್ಳಬೇಕಿತ್ತು.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೇ ಫೋನು. "ಮೇಡಮ್ಮೋರೆ, ಹೊಸದು ಹಳೇದಕ್ಕಿಂತ ಮುಂಚೆ ಸಾಯ್ತದೆ. ಅದು ‘ಆನೆ’ ಅನ್ನಕ್ಕಾದ್ರೂ ಬಿಡ್ತಿತ್ತು. ಇದು ‘ಆ’ ಅನ್ನಷ್ಟರಲ್ಲಿ ಕಣ್ಮುಚ್ತದೆ."

ಡೈರಿಯಲ್ಲಿ ಆ ದಿನ ಏನೂ ಬರೆದಿಲ್ಲ. ಶಟರ್ ಅರ್ಧ ಇಳಿಸಿ ಒಳಗೆ ಕೂತಿದ್ದೆ ಎಂದು ನೆನಪು. ಯಾರನ್ನಾದರೂ ಕೇಳೋಣವೆಂದರೆ, ಕಲಿಸಿದ ಮೇಸ್ತ್ರಿ ತೀರಿಹೋಗಿ ಎರಡು ವರ್ಷವಾಗಿತ್ತು. ಜತೆಗೆ ಓದಿದವರ ನಂಬರುಗಳು ಫೋನಿನಲ್ಲಿದ್ದವು, ಆದರೆ ಹತ್ತು ವರ್ಷ ಮಾತಾಡದವರಿಗೆ ಫೋನ್ ಮಾಡಿ ‘ನನ್ನ ಆಂಪು ಸಾಯುತ್ತಿದೆ’ ಎಂದು ಹೇಗೆ ಶುರು ಮಾಡುವುದು? ಬೇರೆ ದಿನವಾಗಿದ್ದರೆ ಅತ್ತೆಗೆ ಫೋನ್ ಮಾಡುತ್ತಿದ್ದೆ. ಅವಳಿಗೆ ಆಂಪು ಗೊತ್ತಿಲ್ಲ, ಆದರೆ "ಉಂಡ್ಯಾ ಮಗ? ಮೊದ್ಲು ಉಣ್ಣು, ಆಮೇಲೆ ಬುದ್ಧಿ ಬತ್ತದೆ" ಎನ್ನುತ್ತಿದ್ದಳು.

ಬುದ್ಧಿ ಬಂದದ್ದು ಬೇರೆ ಕಡೆಯಿಂದ. ಆ ಸಂಜೆ ಆಲೂರಿನ ಕುಂದೂರು ಕಡೆಯ ಒಬ್ಬ ಶುಂಠಿ ಬೆಳೆಗಾರರು ಕಾರು ತಂದರು. ಡಿಕ್ಕಿಯಲ್ಲಿ ದೊಡ್ಡ ಸ್ಪೀಕರು, ಇನ್ನೂ ಹೆಚ್ಚು ಬೇಸ್ ಬೇಕು ಎಂಬುದು ಅವರ ಆಸೆ. ಕತ್ತಲಾಗುತ್ತಿತ್ತು, ದೀಪ ಹಾಕಿ ಹಾಡು ಹಚ್ಚಿದರು. ಒಂದೊಂದು ಗುದ್ದಿಗೂ ಎದುರು ಗೋಡೆಯ ಮೇಲೆ ಹೆಡ್‌ಲೈಟಿನ ಬೆಳಕು ಮಂಕಾಗಿ ಮತ್ತೆ ಏಳುತ್ತಿತ್ತು.

"ನೋಡಿದ್ರಾ, ಲೈಟೂ ಕುಣಿತದೆ!" ಎಂದರು ಹೆಮ್ಮೆಯಿಂದ.

ಅದು ಕುಣಿತವಲ್ಲ, ಏದುಸಿರು. ಸದ್ದು ಕರೆಂಟು ಕೇಳಿದಾಗಲೆಲ್ಲ ವೋಲ್ಟೇಜು ಕುಸಿದು ದೀಪ ಅದನ್ನು ತೋರಿಸುತ್ತಿತ್ತು. ನಾನು ಜೀಪಿಗೆ ಹಾಕಿದಂಥ ದೊಡ್ಡ ಆಂಪು ಇನ್ನೊಂದು ಹಟವನ್ನೂ ಮಾಡುತ್ತದೆ: ವೋಲ್ಟೇಜು ಇಳಿದರೆ ತನ್ನ ಬಲ ಉಳಿಸಿಕೊಳ್ಳಲು ಹೆಚ್ಚು ಕರೆಂಟು ಎಳೆಯುತ್ತದೆ. ಎಳೆದಷ್ಟೂ ವೋಲ್ಟೇಜು ಇನ್ನೂ ಇಳಿಯುತ್ತದೆ. ದೊಡ್ಡ ಆಂಪು ಬೇಗ ಸತ್ತದ್ದು ಅದಕ್ಕೇ. ಅವರ ಕಾರಿನ ಎದುರು ನಿಂತು, ನಾನು ಜೀಪನ್ನು ಒಂದು ಸಲವೂ ಅದು ನಿಜವಾಗಿ ಕೂಗುವ ಹೊತ್ತಿನಲ್ಲಿ, ಕೂಗುವ ಜಾಗದಲ್ಲಿ ಅಳೆದಿಲ್ಲ ಎಂದು ಹೊಳೆಯಿತು.

ಡ್ರೈವರಿಗೆ ಫೋನ್ ಮಾಡಿ ಹೇಳಿದೆ: "ಅಣ್ಣ, ನಾಳೆ ನಾನೂ ಬರ್ತೀನಿ."

"ನೀವಾ? ಆನೆ ಕಂಡ್ರೆ ಓಡಕ್ಕೆ ಬತ್ತದಾ?"

"ನಿಮಗಿಂತ ಮುಂದೆ ಓಡ್ತೀನಿ."

"ಅಷ್ಟು ಸಾಕು. ಆನೆ ಹಿಂದಿರೋನ್ನ ಹಿಡೀತದೆ. ನಾನ್ ಸಾಯ್ತೀನಿ, ನೀವು ಮೈಕ್ ರೆಡಿ ಮಾಡಿ."

ಬೆಳಿಗ್ಗೆ ಹೊರಟೆವು. ಆಂಪಿನ ಬುಡಕ್ಕೆ ಕಟ್ಟಿದ ಎರಡು ತಂತಿಗಳನ್ನು ಮುಂದಿನ ಸೀಟಿನವರೆಗೆ ಎಳೆದು, ಮೀಟರನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಮಂಜು ದಟ್ಟವಾಗಿತ್ತು. ಹೆಡ್‌ಲೈಟು, ಫಾಗ್ ಲ್ಯಾಂಪು ಎರಡೂ ಉರಿಯುತ್ತಿದ್ದವು. ಓಡುವಾಗ 13.6.

ಮೊದಲ ಕೂಡುರಸ್ತೆಯಲ್ಲಿ ನಿಲ್ಲಿಸಿದರು. ನಿಲ್ಲಿಸಿ, ಕೀ ತಿರುಗಿಸಿ ಇಂಜಿನ್ ಆಫ್ ಮಾಡಿಬಿಟ್ಟರು. ಮೀಟರು 12.1ಕ್ಕೆ ಇಳಿಯಿತು.

"ಯಾಕಣ್ಣ ಆಫ್ ಮಾಡಿದ್ರಿ?"

"ಕೇಳ್ಬೇಕಲ್ಲ ಮಾರಾಯ್ತಿ."

"ಏನು?"

"ಕೊಂಬೆ ಮುರಿಯೋ ಸದ್ದು. ಫೋನ್ ಮಾಡೋರು ಅಲ್ಲೈತೆ ಅಂತಾರೆ, ಅದು ಅಷ್ಟರಲ್ಲಿ ನಮ್ ಬೆನ್ನಿಂದೆ ಬಂದು ನಿಂತಿರ್ತದೆ. ಇಂಜಿನ್ ಓಡ್ತಿದ್ರೆ ನಾನು ಕಿವುಡ. ಲೈಟ್ ಆರ್ಸಿದ್ರೆ ಕುರುಡ. ಎಲ್ಡೂ ಆಗಬಾರದಲ್ಲ? ಮೊದ್ಲಿಂದ ಹಿಂಗೇ ಮಾಡೋದು. ಅವತ್ತೇ ಹೇಳಿದ್ನಲ್ಲ ನಿಮ್ಗೆ."

ಹೇಳಿದ್ದರೇ? ನನಗೆ ನೆನಪಿಲ್ಲ. ಡೈರಿಯಲ್ಲೂ ಇಲ್ಲ. ಅವರು ಹೇಳಿ ನಾನು ಕೇಳಿಸಿಕೊಳ್ಳದೆ ಇದ್ದಿರಬಹುದು, ಅಥವಾ ಹೇಳಿದ್ದೇನೆ ಎಂದು ಅವರಿಗೆ ಈಗ ಅನ್ನಿಸುತ್ತಿರಬಹುದು. ಇದನ್ನು ಅಳೆಯುವ ಮೀಟರು ನನ್ನ ಹತ್ತಿರ ಇಲ್ಲ.

ಅವರು ಮೈಕು ಎತ್ತಿ ಗಂಟಲು ಸರಿಪಡಿಸಿಕೊಂಡರು. "ಸಾರ್ವಜನಿಕರಲ್ಲಿ ವಿನಂತಿ. ಈ ಭಾಗದ ಸಮಸ್ತ ಬೆಳೆಗಾರ ಬಾಂಧವರು ಹಾಗೂ ಕಾರ್ಮಿಕ ಬಂಧುಗಳ ಗಮನಕ್ಕೆ..." ಒಂದೊಂದು ಪದಕ್ಕೂ ಮೀಟರು ಮುಳುಗಿ ಏಳುತ್ತಿತ್ತು: 11.0, 10.8, 10.9. ಆ ಕಡೆ ಮುಗಿಯಿತು, ಸಾಯಲಿಲ್ಲ. ಆಮೇಲೆ ಇಬ್ಬರೂ ಸುಮ್ಮನೆ ಕೂತು ಕಿವಿಗೊಟ್ಟೆವು. ಎಲೆಯಿಂದ ಎಲೆಗೆ ಮಂಜಿನ ನೀರು ತೊಟ್ಟಿಕ್ಕುವುದು ಬಿಟ್ಟು ಏನೂ ಇಲ್ಲ. ಅಷ್ಟು ಜನರಿಗೆಂದು ಕೂಗಿದ ಮಾತಿಗೆ ಒಂದು ‘ಹೂಂ’ ಕೂಡ ಹಿಂತಿರುಗುವುದಿಲ್ಲ. ಈ ಮನುಷ್ಯ ದಿನವೂ ಇಪ್ಪತ್ತು ಸಲ ಹೀಗೆ ಕೂಗಿ, ಇಪ್ಪತ್ತು ಸಲ ಹೀಗೆ ಸುಮ್ಮನೆ ಕೂರುತ್ತಾರೆ.

ಮೂರನೆಯ ಕಡೆ 10.5. ಐದನೆಯದು ಮೇಲಿನ ಲೈನು. "ಸಾರ್ವಜನಿಕರಲ್ಲಿ ವಿನಂತಿ, ಈ ಭಾಗದ ಸಮಸ್ತ..." 10.1. ಕೆಂಪು ದೀಪ. ಹಾರ್ನು ಸತ್ತಿತು.

ಗೋಣಿಚೀಲ ಸೊಂಟಕ್ಕೆ ಸುತ್ತಿ ಹೊರಟಿದ್ದ ಹೆಂಗಸೊಬ್ಬಳು ಬಾಗಿಲಿನಿಂದಲೇ ಕೂಗಿದಳು, "ಏನ್ ಡ್ರೈವರಣ್ಣ, ಇವತ್ತೂ ಆನೆ ಮೈಕ್ ನುಂಗ್ತಾ?"

"ನಿಮ್ ಮೈಕಿಗಿಂತ ನಮ್ಮನೆ ಹುಂಜ ವಾಸಿ ಕಣ್ರೀ," ಎಂದಳು ಪಕ್ಕದ ಮನೆಯವಳು. "ಅದು ಶುರು ಮಾಡಿದ್ರೆ ಪೂರ್ತಿ ಕೂಗ್ತದೆ."

ಅವರು ನಕ್ಕರು. ಡ್ರೈವರು ಸ್ವಿಚ್ಚನ್ನು ಆರಿಸಿ ಹಾಕಿ ಮತ್ತೆ ಶುರು ಮಾಡಿದರು. ಎರಡನೆಯ ಸಲವೂ ಆನೆ ಎಲ್ಲಿದೆ ಎನ್ನುವ ಮೊದಲೇ ಸತ್ತಿತು. ಕೊನೆಗೆ ಇಳಿದುಹೋಗಿ ಬಾಯಲ್ಲೇ ಹೇಳಿ ಬಂದರು.

ಅತ್ತೆಯ ಮನೆಯ ತಿರುವು ಹನ್ನೊಂದನೆಯದು. ಬಾಗಿಲಿಗೆ ಬೀಗ. ಅತ್ತೆ ಇನ್ನೂ ಆಸ್ಪತ್ರೆಯಲ್ಲಿದ್ದಳು, ಹಸುವನ್ನು ಪಕ್ಕದವರು ಹೊಡೆದುಕೊಂಡು ಹೋಗಿದ್ದರು. ಇಂಜಿನ್ ಆಫ್ ಆಯಿತು. "ಸಾರ್ವಜನಿಕರಲ್ಲಿ..." 10.1. ಕೆಂಪು ದೀಪ.

ಡ್ರೈವರು ಮೈಕನ್ನು ತೊಡೆಯ ಮೇಲಿಟ್ಟುಕೊಂಡು, "ಇಲ್ಲೇ ಇರ್ಬೇಕು ಕಣಮ್ಮ, ಅವತ್ತು ಸತ್ತಿದ್ದು," ಎಂದರು.

"ಇವತ್ತು ಇರೋದು ದೊಡ್ಡ ಆಂಪು ಅಣ್ಣ. ಬ್ಯಾಟರಿಯೂ ಬೇರೆ. ಇವತ್ತು ಇಲ್ಲಿ ಸತ್ತರೆ ಅವತ್ತೂ ಇಲ್ಲೇ ಸತ್ತಿತ್ತು ಅಂತ ಹೇಳೋಕಾಗಲ್ಲ."

ನನ್ನ ದನಿ ಪರೀಕ್ಷೆಯ ಉತ್ತರ ಒಪ್ಪಿಸುವವರ ದನಿಯಂತಿತ್ತು. ನಾನು ಡೈರಿಯಲ್ಲಿ ‘ತಿರುವು: 10.1’ ಎಂದು ಬರೆದೆ. ಪೆನ್ಸಿಲಿನ ಗೀರು ಅಷ್ಟು ಜೋರಾಗಿ ಕೇಳಿಸುತ್ತದೆ ಎಂದು ಅದುವರೆಗೆ ಗೊತ್ತಿರಲಿಲ್ಲ.

ಅಂಗಡಿಗೆ ಬಂದು, ಇಂಜಿನ್ ಆಫ್ ಮಾಡಿ, ದೀಪ ಹಾಕಿ, ಡ್ರೈವರಿಗೆ ದಿನದಂತೆಯೇ ಕೂಗಲು ಹೇಳಿದೆ. ರಸ್ತೆಯ ಜನ ನಿಂತು ನೋಡಿದರು. ಈ ಸಲ ಸಂಕೋಚವಾಗಲಿಲ್ಲ. ಬ್ಯಾಟರಿಯಿಂದ ಆಂಪಿಗೆ ಬರುವ ತಂತಿ ತೆಳ್ಳಗಿನದು, ಅದರಲ್ಲೇ ಅರ್ಧ ವೋಲ್ಟ್ ಕಳೆದುಹೋಗುತ್ತಿತ್ತು. ಅರ್ಥ್ ತಂತಿಯನ್ನು ಬಣ್ಣ ಬಳಿದ ತಗಡಿನ ಮೇಲೆ ಒಂದು ತುಕ್ಕುಹಿಡಿದ ಬೋಲ್ಟಿಗೆ ಕಟ್ಟಿದ್ದರು. ಅಲ್ಲಿ ಒಂದಕ್ಕಿಂತ ಹೆಚ್ಚು ಹೋಗುತ್ತಿತ್ತು. ಆ ಬೋಲ್ಟು ಮಂಗಳವಾರವೂ ಅಲ್ಲೇ ಇತ್ತು. ಬಾಗಿದ್ದರೆ ಕಾಣುತ್ತಿತ್ತು. ನಾನು ಬಾಗಿದ್ದೆನೋ ಇಲ್ಲವೋ ಡೈರಿ ಹೇಳುವುದಿಲ್ಲ.

ದಪ್ಪ ಕೇಬಲ್ ಎಳೆದೆ. ಛಾಸಿಯ ಕಬ್ಬಿಣವನ್ನು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ ಅರ್ಥ್ ಕಟ್ಟಿದೆ. ಒಂದೂಕಾಲು ವೋಲ್ಟ್ ಮರಳಿ ಬಂತು. ಆದರೂ ಇಂಜಿನ್ ಇಲ್ಲದೆ, ದೀಪ ಉರಿಯುತ್ತ, ಇಪ್ಪತ್ತನೆಯ ತಿರುವಿನವರೆಗೆ ದೊಡ್ಡ ಆಂಪು ಉಳಿಯುವ ಭರವಸೆ ಇರಲಿಲ್ಲ.

"ಅಣ್ಣ, ಹೇಳುವಾಗ ಮಾತ್ರ ಇಂಜಿನ್ ಓಡಲಿ. ಆಮೇಲೆ ಆಫ್ ಮಾಡಿ ಕೇಳಿಸಿಕೊಳ್ಳಿ."

ಅವರು ತಲೆಯಾಡಿಸಿದರು. "ಹೇಳುವಾಗಲೇ ಆನೆ ಬರೋದು ಕಣಮ್ಮ. ಸದ್ದಿಗೆ ಸಿಟ್ಟಾಗಿ. ಇಂಜಿನ್ ಹಾಕ್ಕಂಡು ಕೂಗ್ತಾ ನಿಂತ್ರೆ ಒಂದಿನ ನಿಮ್ಮ ಮಾವನ ಪಕ್ಕದ ಮಂಚ ನಂದು."

ಆ ಮಧ್ಯಾಹ್ನ ತುಂಬ ಹೊತ್ತು ಯೋಚಿಸಿದೆ. ಕಲಿತದ್ದೆಲ್ಲ ಯಂತ್ರಕ್ಕೆ ಬೇಕಾದ ಹದಿನಾಲ್ಕು ವೋಲ್ಟನ್ನು ಒದಗಿಸು ಎನ್ನುತ್ತಿತ್ತು. ಆದರೆ ಆ ರಸ್ತೆಯಲ್ಲಿ ಇಂಜಿನ್ನಿನ ಮೌನ ಆ ಮನುಷ್ಯನ ಜೀವಕ್ಕೆ ಕಾವಲು. ಅದನ್ನು ಕಿತ್ತುಕೊಂಡು ಯಂತ್ರಕ್ಕೆ ಕೊಡಲು ನಾನು ಯಾರು? ಯಂತ್ರವೇ ಹನ್ನೊಂದು ವೋಲ್ಟಿನಲ್ಲಿ ಬದುಕುವುದನ್ನು ಕಲಿಯಬೇಕು ಎಂದು ತೀರ್ಮಾನಿಸಿದೆ.

ದೊಡ್ಡ ಆಂಪು ತೆಗೆದು ಹಳೆಯ ಚಿಕ್ಕದನ್ನೇ ಮತ್ತೆ ಹಾಕಿದೆ. ಮನುಷ್ಯನ ಮಾತಿಗೆ ಬೇಕಿಲ್ಲದ ಕೆಳಗಿನ ದಪ್ಪ ಸದ್ದೆಲ್ಲವನ್ನೂ ಕತ್ತರಿಸಿದೆ. ಕರೆಂಟನ್ನು ಹೆಚ್ಚು ತಿನ್ನುವುದು ಅದೇ. ಮೇಜಿನ ಮೇಲೆ ಸರಿಯಾಗಿ ಹನ್ನೊಂದು ವೋಲ್ಟ್ ಕೊಟ್ಟು, ಎಷ್ಟು ಕೂಗಿದರೂ ದನಿ ಒಡೆಯದಷ್ಟಕ್ಕೆ ಗೇನನ್ನು, ಅಂದರೆ ದನಿಯನ್ನು ಎಷ್ಟು ಹಿಗ್ಗಿಸಬೇಕೆಂದು ಹೇಳುವ ತಿರುಪನ್ನು, ಇಳಿಸಿ, ಯಾರೂ ತಿರುಗಿಸದಂತೆ ಆ ತಿರುಪಿಗೆ ಅಂಟು ಹಾಕಿದೆ. ಸದ್ದು ಮೊದಲಿಗಿಂತ ಕಡಿಮೆಯಾಯಿತು. ಗುಂಪಿನ ಕಾರ್ಯದರ್ಶಿ ಫೋನ್ ಮಾಡಿ, "ರಿಪೇರಿ ಮಾಡಿ ಸೌಂಡ್ ಕಮ್ಮಿ ಮಾಡ್ಬುಟ್ರಲ್ಲ" ಎಂದರು. ಕಡಿಮೆ ಸದ್ದು ಪೂರ್ತಿ ಬರುತ್ತದೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಇನ್ನೊಂದು ಬದಲಾವಣೆಗೆ ಯಾವ ಉಪಕರಣವೂ ಬೇಕಿರಲಿಲ್ಲ.

"ಅಣ್ಣ, ಮೊದಲು ಜಾಗದ ಹೆಸರು ಹೇಳಿ. ‘ಸ್ಟೋರ್ ಒಳದಾರಿ, ಆನೆ.’ ಆಮೇಲೆ ಬೇಕಾದರೆ ಬಾಂಧವರು, ಬಂಧುಗಳು."

"‘ಸಾರ್ವಜನಿಕರಲ್ಲಿ ವಿನಂತಿ’ ಬಿಟ್ರೆ ಮರ್ಯಾದೆ ಎಲ್ಲುಳೀತು?"

"ಕೊನೆಗೆ ಹೇಳಿ. ಮರ್ಯಾದೆ ಕಟ್ಟಾದ್ರೆ ಯಾರಿಗೂ ಏನೂ ಆಗಲ್ಲ."

ಅವರು ನನ್ನ ಮುಖ ನೋಡಿ, ಮೊದಲ ಸಲದಂತೆ ಅಲ್ಲದಿದ್ದರೂ, ಸ್ವಲ್ಪ ನಕ್ಕರು.

ಎರಡನೆಯ ಸಲ ಅವರ ಜತೆ ಇಪ್ಪತ್ತು ಕಡೆಗೂ ಹೋದೆ. ಅತಿ ಕಡಿಮೆ ಬಂದದ್ದು 11.2. ಕೆಂಪು ದೀಪ ಉರಿಯಲಿಲ್ಲ. ಮೇಲಿನ ಲೈನಿನಲ್ಲಿ ಆ ಹುಂಜದ ಮನೆಯವಳೇ, "ಓಹೋ, ಇವತ್ತು ಹುಂಜ ಸೋಲ್ತು ಬುಡಿ!" ಎಂದು ಕೈಬೀಸಿದಳು. ಇದುವರೆಗೂ ಅದು ಸತ್ತಿಲ್ಲ ಎಂದು ಡ್ರೈವರು ಹೇಳುತ್ತಾರೆ.

ಮಾವ ಮನೆಗೆ ಬರಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ಶುಕ್ರವಾರದ ಬಸ್ಸಿನಲ್ಲಿ ಏನೂ ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ, ಅತ್ತೆ ಆಸ್ಪತ್ರೆಯಲ್ಲಿದ್ದಳು. ಆದರೆ ಅವರು ಮನೆಗೆ ಬಂದ ಮೇಲೂ ಎರಡು ಶುಕ್ರವಾರ ಕಳೆದವು. ಖಾಲಿ ಡಬ್ಬಿ ನನ್ನ ಹತ್ತಿರವೇ ಇದೆಯಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಆಮೇಲೆ ಒಂದು ಭಾನುವಾರ ಡಬ್ಬಿ ಹಿಡಿದು ನಾನೇ ಹೋದೆ.

ಮಾವ ಒಳಗೆ ಮಂಚದ ಮೇಲೆ ಕಾಲು ಚಾಚಿ ಟಿವಿ ನೋಡುತ್ತಿದ್ದರು. "ಬಾರವ್ವ ಇಂಜಿನಿಯರೇ, ನಂಗೂ ಒಂದು ಹೊಸ ಕಾಲು ಕೂರ್ಸು," ಎಂದರು. ಸುಮ್ಮನೆ ತಮಾಷೆಗೆ ಹೇಳಿದ್ದು. ನಾನು ನಗಲು ತಡಮಾಡಿದೆ.

ಅತ್ತೆ ಅಂಗಳದಲ್ಲಿ, ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದಳು. ನನಗೆ ಕಾಫಿ ತಂದುಕೊಟ್ಟು, "ಮೈಕು ಈಗ ಚೆನ್ನಾಗಿ ಕೇಳ್ತದೆ ಮಗ. ಅಡುಗೆಮನೆ ತಂಕ," ಎಂದಳು.

"ಮುಂಚೆ?"

"ಕಾಫಿ ಆರೋಯ್ತದೆ, ಕುಡಿ."

ಅಲ್ಲಿಗೆ ಬಿಡಬೇಕಿತ್ತು. ಅವತ್ತು ಅವಳಿಗೆ ಏನೂ ಕೇಳಿಸಿರಲಿಲ್ಲ ಎಂದರೆ ಮಾವನ ಕಾಲು ನನ್ನ ‘13.9. ಸರಿ ಇದೆ’ಯ ಕೆಳಗೆ ಬರುತ್ತದೆ. ಪೂರ್ತಿ ಕೇಳಿಸಿತ್ತು ಎಂದರೆ, ಹಾಜರಿ ಪುಸ್ತಕ ಹಿಡಿದು ಒಳದಾರಿಗೆ ಇಳಿದ ಗಂಡನನ್ನು ಅವಳು ಯಾಕೆ ತಡೆಯಲಿಲ್ಲ ಎಂಬುದನ್ನು ಅವಳು ಹೊರಬೇಕು. ಮೂರನೆಯದೂ ಇದೆ: ಆಗಾಗ ‘ಆನೆ’ ಎಂಬಲ್ಲಿಗೆ ಕಟ್ಟಾಗುವ ಜೀಪಿಗೆ ಅವಳ ಕಿವಿ ಒಗ್ಗಿಹೋಗಿ, ಅವತ್ತೂ ಅಷ್ಟೇ ಕೇಳಿ ಕೆಚ್ಚಲಿಗೆ ಕೈಹಾಕಿರಬಹುದು. ಯಾವುದೇ ಉತ್ತರ ಬಂದರೂ ನಮ್ಮಿಬ್ಬರಲ್ಲಿ ಒಬ್ಬರಿಗೆ ಭಾರ. ಇದೆಲ್ಲ ಗೊತ್ತಿದ್ದೂ, ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲದ್ದರಿಂದಲೋ, ಅಳೆಯದೆ ಬಿಡಲಾರದ ಚಟದಿಂದಲೋ ಕೇಳಿಬಿಟ್ಟೆ.

ಒಳಗೆ ಟಿವಿಯ ಸದ್ದು ಇಳಿಯಿತು. ಅತ್ತೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ನಲ್ಲಿಯ ಕೆಳಗೆ ಕೂತು, ತೊಳೆದು ತಂದಿದ್ದ ಅದನ್ನೇ ಮತ್ತೆ ತೊಳೆದಳು. ಬೂದಿ ಹಾಕಿ, ಮುಚ್ಚಳದ ಅಂಚನ್ನೂ ಬಿಡದೆ ಉಜ್ಜಿದಳು. ಕೊನೆಯ ಬಸ್ಸಿನವರೆಗೂ ಕಾದು ಹೊರಟೆ.

ಆ ವಾರದಿಂದ ಶುಕ್ರವಾರದ ಡಬ್ಬಿ ಮತ್ತೆ ಬರತೊಡಗಿದೆ. ರೊಟ್ಟಿ ಬಿಸಿಯಾಗಿಯೇ ಇರುತ್ತದೆ. ಮುಚ್ಚಳ ತೆಗೆದಾಗ ಚೀಟಿ ಏನಾದರೂ ಇದೆಯೇ ಎಂದು ನೋಡುತ್ತೇನೆ. ಆ ಭಾನುವಾರ ಅತ್ತೆಗೆ ನಾನು ಕೇಳಿದ ಪ್ರಶ್ನೆಯನ್ನು ಆ ದಿನವೇ ಡೈರಿಯಲ್ಲಿ ಬರೆದುಕೊಂಡೆ. ಜನರಾಡಿದ ಮಾತುಗಳಲ್ಲಿ ಹಾಗೆ ಆಗಿಂದಾಗಲೇ ಬರೆದುಕೊಂಡದ್ದು ಅದೊಂದೇ. ಅದರ ಮುಂದೆ ಅಂಕಿ ಬರೆಯಲು ಬಿಡುವಷ್ಟೇ ಜಾಗ ಬಿಟ್ಟಿದ್ದೇನೆ:

"ಅತ್ತೆ, ಅವತ್ತು ಬೆಳಿಗ್ಗೆ ನಿಂಗೆ ಎಲ್ಲಿವರೆಗೆ ಕೇಳಿಸ್ತು?"